ನೀರಿಗೆ ಗಟ್ಟಿ, ನಕ್ಷತ್ರಕ್ಕೆ ಗೊತ್ತಿಲ್ಲ

ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ ಫೋನು ಮಾಡಿ, "ಅವ್ರ ನೆನಪಿಗೆ ಒಂದು ಸಂಚಿಕೆ ತರ್ತಿದೀವ್ರಿ, ನೀವೊಂದೆರಡು ಪುಟ ಬರಕೊಡ್ಬೇಕು" ಎಂದಾಗ ನನಗೆ ಮೊದಲು ಬಂದದ್ದು ನಗು, ಆಮೇಲೆ ಸಿಟ್ಟು. "ನಾನ್ಯಾಕ್ರಿ? ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ಇದಾರಲ್ಲ" ಎಂದೆ. "ಅಯ್ಯೋ, ಅವ್ರ ಆಂಟೆನಾ ಮಾಡಿಕೊಟ್ಟೋರು ನೀವು. ಹತ್ರದಿಂದ ಕಂಡೋರು. ಒಳ್ಳೇವು ನಾಕು ಮಾತು ಬರೀರಿ, ಸಾಕು" ಎಂದು ಆತ ಫೋನಿಟ್ಟ.

ಒಳ್ಳೆಯ ಮಾತು ನನ್ನ ಹತ್ತಿರ ನಾಲ್ಕಲ್ಲ, ನಲವತ್ತಿವೆ. ಅದೇ ಸಂಕಟ. ಬರೀ ಕೆಟ್ಟ ಮನುಷ್ಯನಾಗಿದ್ದರೆ ಎಂದೋ ಬೈದು ಮರೆತುಬಿಡುತ್ತಿದ್ದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಸರಿ, ಒಪ್ಪಿದೆ. ಆದರೆ ಬದುಕಿರುವ ಒಬ್ಬರ ಬಗ್ಗೆ ಸುಳ್ಳು ಅಚ್ಚಾಗಿ ಆರು ವರ್ಷವಾಯಿತು, ಅದನ್ನು ತಿದ್ದಲು ಯಾರೂ ಸಂಚಿಕೆ ತರಲಿಲ್ಲ. ನನ್ನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ತಗಡು ಬಡಿದ ಖಾದರ್ ಸಾಬರ ಹೆಸರು ಕೆಟ್ಟದ್ದು ಈ ದೊಡ್ಡ ಮನುಷ್ಯರಿಂದ. ಆ ಹೆಸರು ಖಾದರ್ ಸಾಬರಿಗೆ ವಾಪಸ್ ಸಿಗಬೇಕು. ಅದಕ್ಕೇ ಬರೆಯಲು ಒಪ್ಪಿಕೊಂಡೆ. ಅಚ್ಚು ಹಾಕುವುದು, ಬಿಡುವುದು ಸಂಘದವರಿಗೆ ಸೇರಿದ್ದು. ಸತ್ತವರ ಹೆಸರು ಹೇಗೂ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಇರುತ್ತದೆ, ನಾನು ಬೇರೆ ಬರೆಯುವುದಿಲ್ಲ.

ಅವರು ಖಗೋಳ ವಿಜ್ಞಾನಿ. ಜಗತ್ತು ಹುಟ್ಟಿದ ಮೇಲೆ ಮೊಟ್ಟಮೊದಲ ನಕ್ಷತ್ರ ಯಾವಾಗ ಹೊತ್ತಿಕೊಂಡಿತು ಎಂದು ಹುಡುಕುವುದೇ ಅವರ ಜೀವಮಾನದ ಕೆಲಸ. ಹೊರದೇಶದಲ್ಲಿ ಹನ್ನೊಂದು ವರ್ಷ ಇದ್ದು, ಆಮೇಲೆ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದಕ್ಕೆ ಬಂದವರು. ಅಷ್ಟೆಲ್ಲ ತಿರುಗಿದರೂ ಬಾಯಿ ಮಾತ್ರ ಹರಿಹರದ್ದೇ. ಹುಟ್ಟಿದ್ದು ಹರಿಹರದ ಕಿರಾಣಿ ಅಂಗಡಿಯ ಮನೆಯಲ್ಲಿ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ರೇಡಿಯೊ ಇತ್ತಂತೆ. ಇವರು ಯಾವ ಸ್ಟೇಷನ್ನೂ ಹಿಡಿಯದೆ, ಎರಡು ಸ್ಟೇಷನ್ನುಗಳ ನಡುವೆ ಮುಳ್ಳು ನಿಲ್ಲಿಸಿ ಆ ಬರೀ ಸುಯ್ ಎನ್ನುವ ಸದ್ದು ಕೇಳುತ್ತ ಕೂರುತ್ತಿದ್ದರಂತೆ. ಗಿರಾಕಿ ಬೆಲ್ಲ ಕೇಳಿದರೆ ಉಪ್ಪು ಕಟ್ಟಿಕೊಟ್ಟದ್ದೂ ಉಂಟು. ಅಪ್ಪ ತಲೆಗೆ ಮೊಟಕಿ, "ಹಾಡಾದ್ರೂ ಹಾಕ್ಕಳಲೇ, ಇದೇನು ಸುಡುಗಾಡು ಸದ್ದು" ಎನ್ನುತ್ತಿದ್ದರಂತೆ. "ಆ ಸದ್ದಿನಾಗೆ ಚೂರೇ ಚೂರು, ಜಗತ್ತು ಹುಟ್ಟಿದಾಗಿನ ಸದ್ದು ಐತೆ ಅಂತ ನಮ್ಮಪ್ಪಗೆ ಹೆಂಗೆ ಹೇಳ್ಲಿ? ನಂಗೂ ಗೊತ್ತಿರ್ಲಿಲ್ಲ ಆಗ" ಎಂದು ನಮಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಅವರು ಆಕಾಶ ನೋಡಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಕೇಳಿಯೇಬಿಟ್ಟೆ, "ಏನ್ ಸರ್, ನಕ್ಷತ್ರದ ವಿಜ್ಞಾನಿ ಅಂತೀರಿ, ತಲೆ ಎತ್ತೋದೇ ಇಲ್ವಲ್ಲ?" ಎಂದು. "ಎತ್ತಿದ್ರೆ ಕುತ್ತಿಗೆ ನೋವು ಬರ್ತದೆ. ನಾನು ಹುಡುಕೋದು ಕಣ್ಣಿಗೆ ಕಾಣಲ್ಲ, ಕಿವೀಗೆ ಕೇಳ್ತದೆ" ಎಂದರು. ಮಾತಾಡುವಾಗಲೂ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ. ಎದುರಿಗೆ ತಗಡಿದ್ದರೆ ತಗಡು, ಮಂಡಕ್ಕಿ ಇದ್ದರೆ ಮಂಡಕ್ಕಿ, ಅದರ ಜೊತೆಗೇ ಮಾತು. ಯೋಚನೆ ಬಂದರೆ ಎಡಗಿವಿಯ ಹಾಲೆಯನ್ನು ಹಿಡಿದು ಎಳೆಯುತ್ತಿದ್ದರು. ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬರೆಯುತ್ತಿದ್ದರು, ಬರೆದ ಮೇಲೆ ಮುಚ್ಚಳ ಎಲ್ಲಿ ಎಂದು ನಮ್ಮನ್ನೇ ಕೇಳುತ್ತಿದ್ದರು.

ನನ್ನ ವರ್ಕ್‌ಶಾಪು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿದೆ. ಮಂಡಕ್ಕಿ ಭಟ್ಟಿಗೆ ಹೊಗೆ ಕೊಳವೆ, ರೈಸ್‌ಮಿಲ್ಲಿಗೆ ತೊಟ್ಟಿ, ನೀರಿನ ಟ್ಯಾಂಕು, ಇಂಥವನ್ನು ಮಾಡುತ್ತೇವೆ. ಅವರು ಮೊದಲ ಸಲ ಬಂದ ದಿನ ಯಾರಿಗೂ ನಮಸ್ಕಾರ ಹೇಳಲಿಲ್ಲ. ಬಾಗಿಲ ಪಕ್ಕ ಸಿದ್ಧವಾಗಿ ನಿಂತಿದ್ದ ತೊಟ್ಟಿಯೊಂದಕ್ಕೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ, ಕಿವಿಯಿಟ್ಟು ಕೇಳಿದರು. "ಯಾರು ಮಾಡಿದ್ರಿ ಇದನ್ನ?"

"ನಮ್ಮ ವರ್ಕ್‌ಶಾಪಿಂದೇ ಸರ್" ಎಂದೆ.

"ವರ್ಕ್‌ಶಾಪಿಗೆ ಕೈ ಇರ್ತಾವೇನ್ರಿ? ಯಾರ ಕೈ ಅಂತ ಕೇಳ್ದೆ."

ನಾನು ಖಾದರ್ ಸಾಬರನ್ನು ತೋರಿಸಿದೆ. ಇವರು ಸೀದಾ ಹೋಗಿ ಅವರ ಪಕ್ಕ ನೆಲದ ಮೇಲೆ ಕೂತೇಬಿಟ್ಟರು. ಮಾಲೀಕ ನಾನು, ನಿಂತೇ ಇದ್ದೆ! ಅರ್ಧ ತಾಸು ಇಬ್ಬರೂ ತಗಡಿನ ಅಂಚಿನ ಬಗ್ಗೆ ಮಾತಾಡಿದರು. ಖಾದರ್ ಸಾಬರ ಅಪ್ಪ ಮದುವೆಯಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ತಗಡಿನ ಟ್ರಂಕು ಮಾಡುತ್ತಿದ್ದವರು. ಟ್ರಂಕಿನವರ ಕೆಲಸದಲ್ಲಿ ಬೆಸುಗೆ ಇಲ್ಲ. ಎರಡು ತಗಡಿನ ಅಂಚನ್ನು ಒಂದರೊಳಗೊಂದು ಕೊಕ್ಕೆಯಂತೆ ಮಡಚಿ, ಮರದ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಖಾದರ್ ಸಾಬರು ಬಡಿದರೆ ಜಾಯಿಂಟು ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಬೇಕು. ಅವರ ಜಾಯಿಂಟು ಸೋರಿತು ಎಂದು ವಾಪಸ್ ಬಂದ ಗಿರಾಕಿಯನ್ನು ನಾನು ಕಂಡಿಲ್ಲ. ಬಂದರೆ ಈ ಕೆಲಸವನ್ನೇ ಬಿಡುತ್ತೇನೆ ಎಂದು ಖಾದರ್ ಸಾಬರು ಹೇಳುತ್ತಿದ್ದರು, ಜಂಬದಿಂದಲ್ಲ, ಇವತ್ತು ಶುಕ್ರವಾರ ಎನ್ನುವಷ್ಟು ಸಹಜವಾಗಿ.

ಅಂದಿನಿಂದ ನಾಲ್ಕು ವರ್ಷ ಅವರು ನಮ್ಮಲ್ಲಿಗೆ ಬರುತ್ತ ಹೋಗುತ್ತ ಇದ್ದರು. ಹರಿಹರದಲ್ಲಿ ತಂಗಿಯ ಮನೆಗೆ ಬಂದು ಉಳಿಯುವುದು, ಬೆಳಿಗ್ಗೆ ಬಸ್ಸು ಹಿಡಿದು ಕರೂರಿಗೆ ಬರುವುದು. ಮಗುಚಿಟ್ಟ ಎಣ್ಣೆ ಡ್ರಮ್ಮಿನ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುವುದು. ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂದರೂ ಬಿಡುತ್ತಿರಲಿಲ್ಲ. ಒಮ್ಮೆ ನಾನು ಮಂಡಕ್ಕಿ ಭಟ್ಟಿಗೆ ಕೊಳವೆ ಕೂರಿಸಲು ಹೋದಾಗ ತಾವೂ ಬಂದರು. ಭಟ್ಟಿಯವನು ಕಾದ ಮರಳಿಗೆ ಅಕ್ಕಿ ಸುರಿದದ್ದೇ, ಎಲ್ಲರಿಗೂ ಸುಮ್ಮನಿರಿ ಎಂದು ಕೈ ಮಾಡಿದರು. "ನೋಡ್ರಿ, ಒಂದು ಗಳಿಗೆ ಏನೂ ಆಗಲ್ಲ. ಆಮ್ಯಾಲೆ ಒಂದು ಕಾಳು ಅರಳ್ತದೆ. ಆಮ್ಯಾಲೆ ಇನ್ನೊಂದು. ಆಮ್ಯಾಲೆ ಎಲ್ಲಾ ಚಟಪಟ. ಜಗತ್ತೂ ಹಂಗೇ ಕತ್ತಲಾಗಿ ಸುಮ್ಮನೆ ಇತ್ತು. ನಾನು ಹುಡುಕ್ತಿರೋದು ಆ ಮೊದಲನೇ ಕಾಳಿನ ಸದ್ದು" ಎಂದರು. ಭಟ್ಟಿಯವನು ಬೆವರು ಒರೆಸಿಕೊಂಡು, "ಅದು ಸಿಕ್ಕರೆ ಏನುಪಯೋಗ ಸಾಮಿ?" ಎಂದ. "ಏನೂ ಇಲ್ಲ!" ಎಂದು ಇವರು ಬಾಯಿ ತುಂಬ ನಕ್ಕರು. ಅಂಥ ನಗುವನ್ನು ನಾನು ಆಮೇಲೆ ಯಾರಲ್ಲೂ ಕಾಣಲಿಲ್ಲ.

ಮೊದಲು ಒಂದು ಚಿಕ್ಕ ಆಂಟೆನಾ ಮಾಡಿ ಲೋಕಿಕೆರೆ ಹತ್ತಿರದ ಹೊಲವೊಂದರಲ್ಲಿ ಪರೀಕ್ಷೆಗಿಟ್ಟೆವು. ಪಕ್ಕದ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರು ಕಿಡಿ ಹಾರಿಸಿದಾಗಲೆಲ್ಲ ಇವರ ಯಂತ್ರದಲ್ಲಿ ಗಲಾಟೆ. ಇವರು ಬದುವಿನ ಮೇಲೆ ಹೋಗಿ ರೈತನಿಗೆ ಕೈ ಮುಗಿದು, ಎರಡು ತಾಸು ಮೋಟಾರು ನಿಲ್ಲಿಸಪ್ಪಾ, ಸಾವಿರದ ಮುನ್ನೂರು ಕೋಟಿ ವರ್ಷದ ಹಿಂದಿನ ಸದ್ದು ಕೇಳಬೇಕು ಎಂದು ವಿವರಿಸಿದರು. ಆತ ತಾಳ್ಮೆಯಿಂದ ಕೇಳಿ, "ಅಷ್ಟು ವರ್ಷ ಕಾದೈತಲ್ರಿ ಅದು, ಇನ್ನೆರಡು ತಾಸು ಕಾಯಾಕಾಗಲ್ವಾ? ನಂಗೆ ತ್ರೀ ಫೇಸ್ ಕರೆಂಟು ಈಗ ಹೋದ್ರೆ ಮತ್ತೆ ನಾಳೇನೇ" ಎಂದ. ಇವರು ತಲೆ ಕೆರೆದುಕೊಂಡು ವಾಪಸ್ ಬಂದು, "ಆತ ಹೇಳೋದು ಖರೇನೇ ಐತೆ" ಎಂದು ಕರೆಂಟು ಹೋಗುವವರೆಗೆ ಬೇವಿನ ಮರದ ಕೆಳಗೆ ಟವೆಲ್ ಹಾಸಿ ಮಲಗಿದರು. ಇನ್ನೊಬ್ಬ ಅಧಿಕಾರಿಯಾಗಿದ್ದರೆ ತಹಶೀಲ್ದಾರರಿಗೆ ಫೋನು ಹಚ್ಚುತ್ತಿದ್ದ.

ಅವರದೊಂದು ಮಾತಿತ್ತು. ಯಂತ್ರ ಒಂದಿಷ್ಟು ವಕ್ರ ಅನ್ನಿಸಿದರೂ, "ಅನುಮಾನ ಬಂತಾ? ಬಿಚ್ಚಿ ನೋಡು" ಎನ್ನುತ್ತಿದ್ದರು. ಹತ್ತು ಸಲ ಬಿಗಿದದ್ದನ್ನು ಹನ್ನೊಂದನೇ ಸಲ ಬಿಚ್ಚಿಸುತ್ತಿದ್ದರು. ಖಾದರ್ ಸಾಬರಿಗೆ ಈ ಗುಣ ಬಹಳ ಹಿಡಿಸಿತ್ತು. "ಇವ್ರು ನಮ್ಮ ಪೈಕಿ ಮನುಷ್ಯ" ಎನ್ನುತ್ತಿದ್ದರು.

ನನ್ನ ವಿಷಯ ಹೇಳದೆ ಮುಂದೆ ಹೋದರೆ ಅರ್ಥವಾಗುವುದಿಲ್ಲ. ನಾನು ಬಿಎಸ್ಸಿ ಎರಡನೇ ವರ್ಷಕ್ಕೇ ಬಿಟ್ಟವನು. ಅಪ್ಪನಿಗೆ ಲಕ್ವ ಹೊಡೆದು ವರ್ಕ್‌ಶಾಪಿನ ಬೀಗದ ಕೈ ನನ್ನ ಕೈಗೆ ಬಂತು. ಭೌತಶಾಸ್ತ್ರದ ನೋಟ್‌ಬುಕ್ಕನ್ನು ಅಟ್ಟದ ಮೇಲೆ ಇಟ್ಟವನು ಇವತ್ತಿಗೂ ರದ್ದಿಗೆ ಹಾಕಿಲ್ಲ. ಇಂಥವನ ವರ್ಕ್‌ಶಾಪಿಗೆ ಅಂಥವರು ಬಂದು, ತಮ್ಮ ಜೊತೆ ಬಂದ ಸಂಶೋಧನಾ ವಿದ್ಯಾರ್ಥಿಗಳಿಗೆ ನನ್ನನ್ನು ತೋರಿಸಿ, "ಇವ್ರು ನಮ್ಮ ಸಹೋದ್ಯೋಗಿ" ಎಂದು ಪರಿಚಯ ಮಾಡಿಕೊಟ್ಟರೆ ಏನಾಗಬೇಡ? ಆ ಒಂದು ಶಬ್ದಕ್ಕೆ ನಾನು ಮಾರಿಹೋದೆ. ಆವತ್ತು ಮನೆಗೆ ಹೋಗಿ ಹೆಂಡತಿಗೆ ಮೂರು ಸಲ ಹೇಳಿದೆನಂತೆ. "ಆಯ್ತು ಬಿಡ್ರಿ, ಈಗ ಊಟಕ್ಕೆ ಕೂಡ್ರಿ ಸಹೋದ್ಯೋಗಿಗಳೇ" ಎಂದಳು.

ದೊಡ್ಡ ಆಂಟೆನಾದ ಕೆಲಸ ಬಂತು. ಎಂಟಡಿ ಅಗಲದ ಅಲ್ಯೂಮಿನಿಯಂ ತಟ್ಟೆ, ನಡುವೆ ಎಲ್ಲೂ ಜೋಡಣೆ ಇರಕೂಡದು. ಅಷ್ಟು ಅಗಲದ ತಗಡು ನಮ್ಮ ಕಡೆ ಸಿಗುವುದಿಲ್ಲ, ಹೊರಗಿನಿಂದ ತರಿಸಿದರು. ಅದು ಲಾರಿಯಲ್ಲಿ ಬರುವಾಗ ನಡುಮಧ್ಯೆ ನೆಗ್ಗಿ ಬಂತು. ಇನ್ನೊಂದು ತರಿಸಲು ಹೊತ್ತಿಲ್ಲ. ಹಿಮಾಲಯದ ಬೆಟ್ಟದ ಮೇಲೆ ಇಡಬೇಕಾದ ಸಾಮಾನು, ಹಿಮ ಬಿದ್ದು ದಾರಿ ಮುಚ್ಚುವುದಕ್ಕೆ ಮುಂಚೆ ಹೊರಡಬೇಕು. ಆ ವರ್ಷ ತಪ್ಪಿದರೆ ಹೊರದೇಶದ ಇನ್ನೊಂದು ತಂಡ ಮೊದಲು ಹುಡುಕಿಬಿಡುತ್ತದೆ ಎಂಬ ಆತಂಕ. ಎರಡು ನಾಲ್ಕಡಿ ತಗಡು ಸೇರಿಸೋಣವೆಂದರೆ, ಬೆಸುಗೆಯ ಬಿಸಿಗೆ ತೆಳು ಅಲ್ಯೂಮಿನಿಯಂ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಖಾದರ್ ಸಾಬರು, "ನಮ್ಮ ಟ್ರಂಕಿನ ಜಾಯಿಂಟು ಹಾಕ್ತೀನಿ, ಕಾಣಂಗೇ ಇಲ್ಲ" ಎಂದರು. ಎರಡು ದಿನ ಊಟ ನಿದ್ದೆ ಮರೆತು ಬಡಿದರು. ಮುಗಿದಾಗ ಅದು ಒಂದೇ ತಗಡು ಎಂದು ಯಾರಾದರೂ ಆಣೆ ಮಾಡಬಹುದಿತ್ತು.

ಅವರು ಬಂದು ಗೆಣ್ಣಿನಿಂದ ತಟ್ಟಿ ನೋಡಿದರು. ಆಗ ಖಾದರ್ ಸಾಬರು ಹೇಳಿದ ಮಾತಿಗೆ ನಾನು ಸಾಕ್ಷಿ. "ಸಾರ್, ಒಂದು ಮಾತು. ಈ ಜಾಯಿಂಟು ನೀರಿಗೆ ಗಟ್ಟಿ. ನಿಮ್ಮ ನಕ್ಷತ್ರಕ್ಕೆ ಗೊತ್ತಿಲ್ಲ. ಮ್ಯಾಲೆ ಒಂದೇ ಕಂಡ್ರೂ ಒಳಗೆ ಎರಡು ತಗಡು ಐತೆ, ನಡುವೆ ಸಂದಿ ಇರ್ತೈತೆ. ಬೇಕಂದ್ರೆ ಬಿಚ್ಚಿಬಿಡ್ತೀನಿ."

ಅವರು ಕಿವಿಯ ಹಾಲೆ ಎಳೆದುಕೊಂಡರು. ಹೊರಗೆ ಲಾರಿಯವನು ಹಾರನ್ ಹೊಡೆಯುತ್ತಿದ್ದ. "ನೀರೇ ಹೋಗದ ಕಡೆ ಇನ್ನೇನು ಹೋಗ್ತದೆ ಬಿಡ್ರಿ. ಇರ್ಲಿ, ನಡೀತದೆ" ಎಂದರು. ಅನುಮಾನ ಬಂದರೆ ಬಿಚ್ಚಿ ನೋಡು ಎನ್ನುತ್ತಿದ್ದ ಮನುಷ್ಯ ಆವತ್ತು ಬಿಚ್ಚಿಸಲಿಲ್ಲ. ನಾವು ತಟ್ಟೆಯನ್ನು ಲಾರಿಗೆ ಏರಿಸಿದೆವು.

ಮುಂದಿನ ವರ್ಷ ಸುದ್ದಿ ಬಂತು. ಮೊದಲ ನಕ್ಷತ್ರಗಳ ಗುರುತು ಸಿಕ್ಕಿದೆ ಎಂದು ಎಲ್ಲ ಪತ್ರಿಕೆಗಳಲ್ಲೂ ಅವರ ಫೋಟೊ. ದಾವಣಗೆರೆಯಲ್ಲಿ ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಭಾಷಣ. ಇವರು ಮೈಕಿನ ಮುಂದೆ ನಿಂತು ಬಹಳ ಮಾತಾಡಲಿಲ್ಲ. "ಇದನ್ನ ಮಾಡಿದ ಕೈ ಮೂರನೇ ಸಾಲಿನಾಗೆ ಕುಂತಾವೆ. ಖಾದರ್ ಸಾಬ್ರೆ, ಎದ್ದು ನಿಲ್ರಿ" ಎಂದರು. ಖಾದರ್ ಸಾಬರು ಎದ್ದರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಹಿಂದೆ ಕಟ್ಟಿ, ಒಮ್ಮೆ ಮುಂದೆ ಕಟ್ಟಿ, ಕೊನೆಗೆ ಎಲ್ಲರಿಗೂ ಸಲಾಮು ಮಾಡಿ ಕೂತರು. ಸಭೆ ಚಪ್ಪಾಳೆ ನಿಲ್ಲಿಸಲಿಲ್ಲ. ನಾನು ಪಕ್ಕದಲ್ಲಿ ಕೂತು ಅತ್ತೆ, ಸುಳ್ಳೇಕೆ ಹೇಳಲಿ.

ಮತ್ತೆರಡು ವರ್ಷಕ್ಕೆ ಬೇರೆ ಮಾತು ಶುರುವಾಯಿತು. ಹೊರದೇಶದ ತಂಡ ಅದೇ ಗುರುತನ್ನು ಹುಡುಕಿ, ಇಲ್ಲ, ಇಲ್ಲವೇ ಇಲ್ಲ ಎಂದಿತು. ಇವರು ಸುಮ್ಮನೆ ಬೆಟ್ಟಕ್ಕೆ ಹೋಗಿ ಆ ತಟ್ಟೆಯನ್ನು ಬಿಚ್ಚಿ ನೋಡಿದರಂತೆ. ಮಡಚಿದ ಜಾಗದ ಸಂದಿಯಲ್ಲಿ ರೇಡಿಯೊ ಅಲೆ ಸಿಕ್ಕಿಕೊಂಡು ಚೂರು ಏರುಪೇರಾಗುತ್ತಿತ್ತು. ಇವರು ಮೊದಲ ನಕ್ಷತ್ರ ಎಂದುಕೊಂಡದ್ದು ನಮ್ಮ ಜಾಯಿಂಟು. ತಪ್ಪು ಯಾರಿಗೂ ಆಗುತ್ತದೆ, ಅದಕ್ಕೆ ನಾನು ಅವರನ್ನು ದೂರುವುದಿಲ್ಲ. ಆಮೇಲೆ ಮಾಡಿದ್ದಕ್ಕೆ ದೂರುತ್ತೇನೆ.

ಒಂದು ಮಧ್ಯಾಹ್ನ ಬಂದರು. ಖಾದರ್ ಸಾಬರು ನಮಾಜಿಗೆ ಹೋಗಿದ್ದ ಹೊತ್ತು. ಅದನ್ನು ನೋಡಿಯೇ ಬಂದದ್ದು ಎಂದು ಈಗ ಅನ್ನಿಸುತ್ತದೆ. ಚೀಲದಿಂದ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಕಾಗದ ತೆಗೆದರು. ತಟ್ಟೆಯಲ್ಲಿ ಜೋಡಣೆ ಇರುವುದನ್ನು ತಯಾರಕರು ವಿಜ್ಞಾನಿಗಳ ಗಮನಕ್ಕೆ ತಂದಿರಲಿಲ್ಲ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಗೆ ಜಾಗ. ಅದರಲ್ಲಿ ನಾನು ಸಹೋದ್ಯೋಗಿ ಇರಲಿಲ್ಲ, ತಯಾರಕ ಇದ್ದೆ.

"ಹೇಳಿದ್ವಲ್ಲ ಸರ್. ಖಾದರ್ ಸಾಬ್ರು ಬಿಚ್ಚಿಬಿಡ್ತೀನಿ ಅಂದ್ರಲ್ಲ" ಎಂದೆ.

"ಅಂದ್ರು. ಗೊತ್ತೈತೆ ನಂಗೆ" ಎಂದರು. ಆವತ್ತು ಮಾತ್ರ ಅವರು ತಗಡು ನೋಡಲಿಲ್ಲ, ನೆಲ ನೋಡಲಿಲ್ಲ, ಉದ್ದಕ್ಕೂ ನನ್ನ ಮುಖವನ್ನೇ ನೋಡುತ್ತ ಮಾತಾಡಿದರು. "ವಿಚಾರಣೆಗೆ ಸಮಿತಿಯೋರು ಕೂತಾರೆ. ಗೊತ್ತಿದ್ದೂ ಮುಚ್ಚಿಟ್ಟ ಅಂತಾದ್ರೆ ನನ್ನ ಕತೆ ಮುಗೀತು, ಪ್ರಯೋಗಾನೂ ಮುಗೀತು. ಗೊತ್ತಿರ್ಲಿಲ್ಲ ಅಂದ್ರೆ ಬರೀ ತಪ್ಪು ಅಂತ ಬಿಡ್ತಾರೆ. ಈ ಕಾಗದ ಫೈಲಿನಾಗೆ ಇರ್ತದೆ ಅಷ್ಟೇ. ಕರೂರಿನಾಗೆ ಯಾರು ಓದ್ತಾರ್ರಿ ಇದನ್ನ? ನೀವು ನನ್ನ ಸಹೋದ್ಯೋಗಿ, ನಿಮ್ಮನ್ನ ಬಿಟ್ಟು ಯಾರನ್ನ ಕೇಳ್ಲಿ?"

ನಾನು ಸಹಿ ಹಾಕಿದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ನಂಬಿ ಹಾಕಿದೆ. ಅವರ ಪೆನ್ನಿನಿಂದಲೇ ಹಾಕಿದೆ, ಅವರು ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡು ಎದುರಿಗೆ ನಿಂತಿದ್ದರು.

ಎರಡು ವಾರವೂ ಆಗಿರಲಿಲ್ಲ, ಫೈಲಿನಲ್ಲಿರಬೇಕಾದ ಕಾಗದವನ್ನು ಅವರೇ ಪತ್ರಕರ್ತರ ಮುಂದೆ ಓದಿಬಿಟ್ಟರು. ಸೋಮವಾರ ಬೆಳಿಗ್ಗೆ ನಮ್ಮೂರಿನ ಪತ್ರಿಕೆಯಲ್ಲೇ ಬಂತು, ದಾವಣಗೆರೆಯ ತಗಡಿನ ಕೆಲಸಗಾರ ಮುಚ್ಚಿಟ್ಟ ಜೋಡಣೆಯಿಂದ ದೇಶದ ವಿಜ್ಞಾನಕ್ಕೆ ಮುಖಭಂಗ ಎಂಬರ್ಥದಲ್ಲಿ. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೇ ಇರಲಿಲ್ಲ, ಸನ್ಮಾನದಲ್ಲಿ ಇಡೀ ಊರೇ ಆ ಕೈಗಳನ್ನು ನೋಡಿತ್ತಲ್ಲ. ಚಾ ಅಂಗಡಿಯಲ್ಲಿ, "ಏನ್ ಸಾಬ್ರೆ, ಆಕಾಶಕ್ಕೇ ತ್ಯಾಪೆ ಹಾಕಿದ್ರಂತೆ?" ಎಂದು ಕಿಚಾಯಿಸಿದರು. ಇಪ್ಪತ್ತು ವರ್ಷದ ಗಿರಾಕಿಯೊಬ್ಬ ಟ್ಯಾಂಕು ಒಯ್ಯುವ ಮುಂಚೆ ನೀರು ತುಂಬಿಸಿ ತೋರಿಸ್ರಿ ಎಂದ. ಖಾದರ್ ಸಾಬರು ತುಂಬಿಸಿ ತೋರಿಸಿದರು. ಒಂದು ಹನಿ ಸೋರಲಿಲ್ಲ.

ಶುಕ್ರವಾರ ಖಾದರ್ ಸಾಬರು ನನ್ನ ಟೇಬಲ್ಲಿನ ಮುಂದೆ ಬಂದು ನಿಂತರು. "ಮಾಲೀಕ್ರೆ, ನಾವು ಹೇಳಲೇ ಇಲ್ಲ ಅಂತ ಪೇಪರ್‌ನಾಗೆ ಹಾಕ್ಯಾರೆ. ಹೇಳಿದ್ವಲ್ಲ ನಾವು?"

"ಯಾರು ಬರೆಸಿದ್ರೋ ಏನೋ, ನಂಗೇನೂ ಗೊತ್ತಿಲ್ಲ ಸಾಬ್ರೆ" ಎಂದೆ.

ಅವರು ಕೈ ಒರೆಸಿಕೊಂಡು, ಮರದ ಸುತ್ತಿಗೆ, ಕತ್ತರಿ ಎಲ್ಲ ಚೀಲಕ್ಕೆ ಹಾಕಿಕೊಂಡು, ಸಲಾಮು ಹೇಳಿ ನಿಟ್ಟುವಳ್ಳಿಯ ಮನೆಗೆ ಹೋದರು. ಮತ್ತೆ ಬರಲಿಲ್ಲ. ಪತ್ರಿಕೆ ನೋಡಿ ಮನಸ್ಸು ಮುರಿದು ಕೆಲಸ ಬಿಟ್ಟರು ಎಂದು ಕರೂರಿನವರೆಲ್ಲ ಹೇಳಿದರು, ನಾನೂ ಹೌದು ಎಂದೆ.

ಭಾನುವಾರ ನಾನು ಹರಿಹರಕ್ಕೆ ಹೋದೆ. ಅವರು ತಂಗಿಯ ಮನೆಯ ಪಡಸಾಲೆಯಲ್ಲಿ ಬನಿಯನ್ನಿನಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಬರ್ರಿ, ಕೂಡ್ರಿ" ಎಂದರು. ನಾನು ಕೂರಲಿಲ್ಲ.

"ಫೈಲಿನಾಗೆ ಇರ್ತದೆ ಅಂದಿದ್ರಿ."

"ಕೇಳಿದ್ರು, ಓದಿದೆ" ಎಂದು ಮತ್ತೆ ಅವರೆಕಾಯಿ ನೋಡತೊಡಗಿದರು.

"ಹಂಗಾದ್ರೆ ಈಗ ಖರೇ ಏನು ಅಂತ ಬರೆದುಕೊಡ್ರಿ. ಖಾದರ್ ಸಾಬ್ರು ಹೇಳಿದ್ರು, ನಾನೇ ಇರ್ಲಿ ಅಂದೆ ಅಂತ. ಒಂದು ಸಾಲು ಸಾಕು."

"ಈ ಕೆಲಸದ ಮ್ಯಾಲೆ ಆರು ಹುಡುಗ್ರು ಪಿಎಚ್‌ಡಿ ಮಾಡ್ಯಾರೆ. ನಾನು ಮುಚ್ಚಿಟ್ಟೆ ಅಂದ್ರೆ ಅವ್ರ ಗತಿ ಏನಾಗಬೇಕು?"

"ಖಾದರ್ ಸಾಬ್ರ ಗತಿ? ಆ ಮನುಷ್ಯನ ಮುಖ ನೋಡೋ ಧೈರ್ಯ ಐತೇನ್ರಿ ನಿಮಗೆ?" ಎಂದು ಕೂಗಿದೆ. ಒಳಗಿನಿಂದ ಅವರ ತಂಗಿ ಗಾಬರಿಯಾಗಿ ಬಂದರು. ಇವರು ಏನೋ ಹೇಳಲು ಬಾಯಿ ತೆರೆದು, ಕಿವಿಯ ಹಾಲೆ ಹಿಡಿದು ಎಳೆದು, ಸುಮ್ಮನಾದರು. ಉತ್ತರವಿಲ್ಲ ಎಂದುಕೊಂಡೆ. ಬಾಯಿಗೆ ಬಂದಂತೆ ಬೈದು ತುಂಗಭದ್ರಾ ಸೇತುವೆಯವರೆಗೆ ನಡೆದುಕೊಂಡೇ ಹೋದೆ. ಅವರು ಆಮೇಲೆ ಪ್ರತಿ ದೀಪಾವಳಿಗೆ ಫೋನು ಮಾಡುತ್ತಿದ್ದರು. ನಾನು ಒಮ್ಮೆಯೂ ಎತ್ತಲಿಲ್ಲ. ಹೋದ ತಿಂಗಳು ಅದೇ ತಂಗಿಯ ಮನೆಯಲ್ಲಿ ತೀರಿಕೊಂಡರಂತೆ. ಮಣ್ಣಿಗೂ ಹೋಗಲಿಲ್ಲ.

ಇಷ್ಟು ಬರೆದು ನಿಲ್ಲಿಸಿದ್ದೆ. ಕೈ ಕೊಟ್ಟ ಮನುಷ್ಯನ ಲೆಕ್ಕ ಚುಕ್ತಾ ಆಯಿತು ಎಂದು ಸಮಾಧಾನವೂ ಆಗಿತ್ತು. ಆದರೆ ಖಾದರ್ ಸಾಬರ ಹೆಸರು ಬರೆದಿದ್ದೇನೆ, ನನ್ನ ಸಹಿಯ ಮಾತೂ ಇದೆ, ಅಚ್ಚಾಗುವ ಮುಂಚೆ ಅವರ ಕಿವಿಗೆ ಹಾಕದಿದ್ದರೆ ಹೇಗೆ? ನಿನ್ನೆ ಬೆಳಿಗ್ಗೆ ನಿಟ್ಟುವಳ್ಳಿಗೆ ಹೋದೆ. ಆರು ವರ್ಷದ ನಂತರ. ಅವರು ಮನೆಯ ಕಟ್ಟೆಯ ಮೇಲೆ ಕೂತು ಚಿಕ್ಕದೊಂದು ಲಾಳಿಕೆಗೆ ತಗಡು ಕತ್ತರಿಸುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. "ಬರ್ರಿ ಮಾಲೀಕ್ರೆ" ಎಂದು ಜಾಗ ಮಾಡಿಕೊಟ್ಟರು, ನಿನ್ನೆ ಮೊನ್ನೆ ನೋಡಿದವರ ಹಾಗೆ. ಚಾ ತರಿಸಿದರು. ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಸಹಿಯ ಜಾಗವನ್ನೂ ಬಿಡದೆ ಓದಿದೆ. ಅವರು ಕತ್ತರಿ ನಿಲ್ಲಿಸಿರಲಿಲ್ಲ.

"ಚಲೋ ಬರೆದೀರಿ. ಒಂದು ಕಡೆ ತಪ್ಪೈತೆ" ಎಂದರು.

"ಎಲ್ಲಿ?"

"ಪೇಪರ್ ನೋಡಿ ಕೆಲಸ ಬಿಟ್ಟೆ ಅಂತ ಬರೆದೀರಲ್ಲ, ಅಲ್ಲಿ. ಪೇಪರ್ ಬಂದಿದ್ದು ಸೋಮವಾರ. ಮಂಗಳವಾರ ಸಂಜೆ ಅವ್ರು ಇಲ್ಲಿಗೆ ಬಂದಿದ್ರು."

ನನಗೆ ಅರ್ಥವಾಗಲಿಲ್ಲ. "ಯಾರು?"

"ಅವ್ರೇ. ಹರಿಹರದಿಂದ ಆಟೋ ಮಾಡ್ಕಂಡು. ನೀವು ಕುಂತಿದೀರಲ್ಲ, ಅಲ್ಲೇ ಕುಂತಿದ್ರು. ನೀ ಹೇಳಿದ್ದೆ, ನಾನೇ ಇರ್ಲಿ ಅಂದೆ, ಈಗ ಹೇಳಲಿಲ್ಲ ಅಂತ ಬರೆಸಿದೀನಿ, ನಿನ್ನ ಮಾಲೀಕ್ರ ಹತ್ರ ಸಹಿ ಹಾಕಿಸ್ಕಂಡೀನಿ ಅಂದ್ರು. ಎಲ್ಲರ ಮುಂದೆ ಹೇಳೋ ಧೈರ್ಯ ನಂಗಿಲ್ಲ, ನಿನ್ನ ಮುಂದೆ ಹೇಳ್ತೀನಿ, ಮಾಫ್ ಮಾಡು ಅಂದ್ರು. ಅತ್ತರು ಮಾಲೀಕ್ರೆ, ಅಷ್ಟು ದೊಡ್ಡ ಮನುಷ್ಯ."

"ಮತ್ತೆ ನಾನು ಹರಿಹರಕ್ಕೆ ಹೋದಾಗ ಅವ್ರು ಹೇಳಲೇ ಇಲ್ವಲ್ಲ!" ಎಂದೆ. ಆರು ವರ್ಷ ಆ ಮನುಷ್ಯನಿಗೆ ಮುಖ ನೋಡುವ ಧೈರ್ಯ ಇರಲಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು ತಿರುಗಿದ್ದೇನೆ.

"ನಾನೇ ಬ್ಯಾಡ ಅಂದಿದ್ದೆ. ನೀವು ಬಂದು ಹೋಗಿದ್ದು ಮಾಲೀಕ್ರಿಗೆ ಹೇಳಬ್ಯಾಡ್ರಿ, ಅವ್ರು ತಾವಾಗೇ ಹೇಳ್ತಾರೆ ಅಂತ ಮಾತು ತಗಂಡಿದ್ದೆ." ಅವರು ಲಾಳಿಕೆಯ ಅಂಚನ್ನು ಮಡಚಿ ಒಮ್ಮೆ ಬಡಿದರು. "ಬುಧವಾರ ಬಂದೆ, ನೀವು ಹೇಳಲಿಲ್ಲ. ಗುರುವಾರ ಬಂದೆ, ಹೇಳಲಿಲ್ಲ. ಶುಕ್ರವಾರ ನಾನೇ ಬಾಯಿಬಿಟ್ಟು ಕೇಳ್ದೆ. ನೀವು ನಂಗೇನೂ ಗೊತ್ತಿಲ್ಲ ಅಂದ್ರಿ. ಅದಕ್ಕೇ ಆವತ್ತೇ ಚೀಲ ತಗಂಡು ಬಂದೆ."

ಚಾ ಆರಿಹೋಗಿತ್ತು. ಹಂಗಾದರೆ ಈ ಬರಹವನ್ನು ಸಂಘದವರಿಗೆ ಕೊಡಲೋ ಹರಿದುಹಾಕಲೋ ಎಂದು ಕೇಳಿದೆ. ಈಗಿನದನ್ನೂ ಸೇರಿಸಿಯೇ ಬರೆಯುತ್ತೇನೆ ಎಂದೂ ಹೇಳಿದೆ.

"ಕೊಡ್ರಿ, ಯಾಕ ಹರೀತೀರಿ" ಎಂದರು ಖಾದರ್ ಸಾಬರು. "ಆದ್ರೆ ಇದು ಅವ್ರ ಬಗ್ಗೆ ಬರೆದಿದ್ದು ಅಂತ ಮಾತ್ರ ಹೇಳಬ್ಯಾಡ್ರಿ."